ಬೆರಳಿನ ನೋವೂ ಸಂಗೀತ ಶಿಕ್ಷಣದ ವಿಷಯವೇ

ಮಾನ್ಯರೆ,

ಸಿತಾರ್, ತಬಲಾ ಕಲಿಯುವ ಮಕ್ಕಳು ಪರೀಕ್ಷೆಯ ದಿನಗಳಲ್ಲಿ ಬೆರಳು, ಮಣಿಕಟ್ಟಿನ ನೋವನ್ನು ನುಂಗಿಕೊಂಡು ರಿಯಾಜ್ ಮುಂದುವರಿಸುವುದನ್ನು ಶ್ರದ್ಧೆಯೆಂದೇ ಹೊಗಳುವ ರೂಢಿ ನಮ್ಮ ಧಾರವಾಡದಲ್ಲಿ ಇನ್ನೂ ಇದೆ. ಹಾಗೆ ಹೊಗಳುವವರು ಅಮೆರಿಕದ ಪಿಯಾನೋ ವಾದಕ ಲಿಯಾನ್ ಫ್ಲೈಶರ್ (1928–2020) ಅವರ ಬದುಕನ್ನು ಗಮನಿಸಬೇಕು.

ಬೀಥೋವನ್, ಚರ್ನಿ, ಲೆಶೆಟಿಟ್ಸ್ಕಿ, ಷ್ನಾಬೆಲ್ ಎಂದು ಇಳಿದುಬಂದ ಗುರುಪರಂಪರೆ ಅವರದು. ನಮ್ಮ ಘರಾಣೆಯ ಲೆಕ್ಕದಲ್ಲೂ ಅದು ಸಣ್ಣದಲ್ಲ. 1952ರಲ್ಲಿ ಬ್ರಸೆಲ್ಸ್‌ನ ಕ್ವೀನ್ ಎಲಿಜಬೆತ್ ಪಿಯಾನೋ ಸ್ಪರ್ಧೆಯನ್ನು ಗೆದ್ದಿದ್ದ ಅವರ ಬಲಗೈಯ ಉಂಗುರದ ಬೆರಳು ಮತ್ತು ಕಿರುಬೆರಳು 1960ರ ದಶಕದ ಮಧ್ಯದಲ್ಲಿ ತಾವಾಗಿಯೇ ಅಂಗೈಯೊಳಗೆ ಮಡಚಿಕೊಳ್ಳತೊಡಗಿದಾಗ, ಅವರು ಅಭ್ಯಾಸವನ್ನು ತಗ್ಗಿಸುವ ಬದಲು ಹೆಚ್ಚಿಸಿದರು. ಅದು ಫೋಕಲ್ ಡಿಸ್ಟೋನಿಯಾ ಎಂಬ ನರಸಂಬಂಧಿ ತೊಂದರೆಯೆಂದು ತಿಳಿಯುವುದಕ್ಕೇ ವರ್ಷಗಳು ಹಿಡಿದವು. 1990ರ ದಶಕದಲ್ಲಿ ಸ್ನಾಯುಗಳ ಬಿಗಿತವನ್ನು ಸಡಿಲಿಸುವ ಬೊಟಾಕ್ಸ್ ಚುಚ್ಚುಮದ್ದಿನ ನೆರವಿನಿಂದ ಎರಡೂ ಕೈಗಳಲ್ಲಿ ನುಡಿಸುವಂತಾಗುವವರೆಗೆ, ಮೊದಲ ಮಹಾಯುದ್ಧದಲ್ಲಿ ಬಲಗೈ ಕಳೆದುಕೊಂಡ ಪಿಯಾನೋ ವಾದಕ ಪೌಲ್ ವಿಟ್ಗೆನ್‌ಸ್ಟೈನ್‌ಗಾಗಿ ಫ್ರೆಂಚ್ ಸಂಗೀತಕಾರ ರಾವೆಲ್ ರಚಿಸಿದ ಕಾನ್ಸರ್ಟೊದಂಥ (ವಾದ್ಯವೃಂದದೊಡನೆ ನುಡಿಸುವ ಕೃತಿ), ಎಡಗೈಯೊಂದರಿಂದಲೇ ನುಡಿಸುವ ಕೃತಿಗಳೇ ವೇದಿಕೆಯಲ್ಲಿ ಅವರಿಗೆ ಆಸರೆಯಾದವು.

1959ರಿಂದ ಬಾಲ್ಟಿಮೋರ್‌ನ ಪೀಬಡಿ ಸಂಗೀತ ಸಂಸ್ಥೆಯಲ್ಲಿ ಕಲಿಸುತ್ತಿದ್ದ ಅವರು, ನುಡಿಸಿ ತೋರಿಸಲಾಗದ್ದನ್ನು ಮಾತಿನಲ್ಲಿ ಬಿಡಿಸಿ ಹೇಳಬೇಕಾಗಿ ಬಂದುದರಿಂದಲೇ ತಮ್ಮ ಬೋಧನೆ ಸುಧಾರಿಸಿತೆಂದು ಹೇಳಿಕೊಂಡಿದ್ದರು. (ಕೈ ನೆಟ್ಟಗಿದ್ದೂ ವಿವರಿಸದ ಶಿಕ್ಷಕರು ನಮ್ಮಲ್ಲಿ ಕಡಿಮೆಯೇನಿಲ್ಲ.)

ಹುಬ್ಬಳ್ಳಿ-ಧಾರವಾಡದ ಸಂಗೀತ ಶಾಲೆಗಳು ಪರೀಕ್ಷೆಗೆ ಮುಂಚಿನ ತಿಂಗಳಲ್ಲಾದರೂ ನರರೋಗ ತಜ್ಞರನ್ನೋ ಫಿಸಿಯೋಥೆರಪಿಸ್ಟರನ್ನೋ ಕರೆಸಿ ವಿದ್ಯಾರ್ಥಿಗಳ ಕೈ ತಪಾಸಣೆ ಮಾಡಿಸಬೇಕು. ನೋವಿದೆ ಎನ್ನುವ ಮಗುವಿಗೆ, ಹಾಜರಿ ಕಡಿತಗೊಳಿಸದೆ, ಕೆಲವು ದಿನ ಕೇಳ್ಮೆಯ ಪಾಠವನ್ನಷ್ಟೇ ಕೊಡಬೇಕು.

– ಓರ್ವ ಸಿತಾರ್ ಶಿಕ್ಷಕಿ, ಮಾಳಮಡ್ಡಿ, ಧಾರವಾಡ