ತಾತನ ಪಿಟೀಲು ಉಳಿಸಿದ ಕೈಗಳಿಗೆ

ಹೆಸರು ಹೇಳದೆ ಹೋದ ರಿಪೇರಿಯವರೇ, ತಾತನ ಪಿಟೀಲು ಮತ್ತೆ ಶ್ರುತಿಗೆ ನಿಂತಿದೆ. ನಿಮಗೆ ಮನಸಾರೆ ನಮಸ್ಕಾರ. ನಾಲ್ಕೂ ತಂತಿ ಒಟ್ಟಿಗೆ ಬಿಚ್ಚಬೇಡಿ ಎಂದು ನೀವು ತಡೆಯದಿದ್ದರೆ ತಂತಿಗಳನ್ನು ಹೊತ್ತು ನಿಲ್ಲುವ ಮರದ ಕುದುರೆ ಉರುಳಿ, ಒಳಗೆ ಬರೀ ಒತ್ತಡದ ಮೇಲೆ ನಿಂತಿರುವ ಪುಟ್ಟ ಮರದ ಕಂಬ ಸೌಂಡ್‌ಪೋಸ್ಟೂ ಬೀಳಬಹುದಿತ್ತು. ಅದಕ್ಕೆ ಅಂಟಿಲ್ಲ, ಮೊಳೆಯಿಲ್ಲ. ಒಂದು ತಂತಿ ತೆಗೆದು, ಹೊಸದನ್ನು ಬಿಗಿದು, ಆಮೇಲೆ ಮುಂದಿನದು. ಬಿಗಿಯುವಾಗ ಕುದುರೆಯ ತಲೆ ತಂತಿ ತಿರುಚುವ ಬಿರಡೆಗಳ ಕಡೆ ವಾಲುತ್ತದೆ. ಎರಡೂ ಕೈಯಲ್ಲಿ ಹಿಡಿದು ಆಗಾಗ ನೆಟ್ಟಗೆ ಮಾಡದಿದ್ದರೆ ಬಾಗಿಯೇ ಹೋಗುತ್ತದೆ. ಬಾಯಿಬಿಟ್ಟ ಅಂಚಿಗೆ ಪ್ರಾಣಿ ಚರ್ಮದಿಂದ ಮಾಡಿದ ಬಿಸಿ ಅಂಟನ್ನೇ ಹಚ್ಚಿದಿರಿ. ಮುಂದೆ ಬಿಚ್ಚಬೇಕಾದರೆ ಅದು ಬಿಸಿಗೂ ತೇವಕ್ಕೂ ಬಿಡುತ್ತದೆ. ಮರಗೆಲಸದ ಬಿಳಿ ಅಂಟಾದರೆ ಬಿಚ್ಚುವಾಗ ಮರವೇ ಸೀಳಬಹುದು. ಜಾರುವ ಬಿರಡೆಗೆ ಚಿಟಿಕೆ ಸೀಮೆಸುಣ್ಣದ ಪುಡಿ ಸಾಕಾಯಿತು. ತಾತನ ಅಂಗೈ ಸವೆಸಿದ ಕಡೆ ಹೊಸ ವಾರ್ನಿಷ್ ಬಳಿಯದೆ ಹಾಗೇ ಬಿಟ್ಟಿರಲ್ಲ, ಅದಕ್ಕೆ ಇನ್ನೊಂದು ನಮಸ್ಕಾರ.