ನಕಲು ಇದ್ದರೆ ಬ್ಯಾಕಪ್ ಇದ್ದಂತಲ್ಲ

ಮಾನ್ಯ ಸಂಪಾದಕರೇ,

ನಾನು ಮೇಲ್ ಸರ್ವರ್ ನೋಡಿಕೊಳ್ಳುವವನು. 2 ಸರ್ವರ್‌ಗಳ ಡಿಸ್ಕ್‌ಗಳನ್ನು ಡಿಆರ್‌ಬಿಡಿ ಎಂಬ ತಂತ್ರಾಂಶದಿಂದ ಜೋಡಿಸಿದ್ದೆವು. ಒಂದರಲ್ಲಿ ಬರೆದದ್ದು ಆಗಲೇ ಇನ್ನೊಂದಕ್ಕೂ ಹೋಗುತ್ತದೆ. ಒಂದು ರಾತ್ರಿ ನಡುವಿನ ಕೇಬಲ್ ಸಡಿಲವಾಯಿತು. ಇನ್ನೊಂದು ಸತ್ತಿದೆ ಅಂದುಕೊಂಡು ಎರಡೂ ತಾನೇ ಯಜಮಾನ ಅಂತ ಕೂತವು. ಬೆಳಿಗ್ಗೆ ನೋಡಿದರೆ ಹೊಸ ಮೇಲ್‌ಗಳು ಅರ್ಧ ಇಲ್ಲಿ, ಅರ್ಧ ಅಲ್ಲಿ! ನಾವು ಮೇಲ್ ಉಳಿಸುವುದು ಮೇಲ್‌ಡಿರ್ ಎಂಬ ವಿಧಾನದಲ್ಲಿ; ಅದರಲ್ಲಿ ಒಂದು ಮೇಲ್‌ಗೆ ಒಂದು ಫೈಲ್. ಹಾಗಾಗಿ ಒಂದೊಂದನ್ನೇ ಹೆಕ್ಕಿ ಸೇರಿಸಲು ಆಯಿತು. ಯಾರು ಯಜಮಾನ ಅಂತ ಮತ ಹಾಕಲು 3ನೇ ಯಂತ್ರ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ. ಈಗ ಇಟ್ಟಿದ್ದೇವೆ.

ಇನ್ನೊಂದು ಮಾತು. ಯಾರೋ ತಪ್ಪಿ ಫೋಲ್ಡರ್ ಅಳಿಸಿದರೆ ನಕಲಿನಲ್ಲೂ ಅದು ತಕ್ಷಣ ಅಳಿಯುತ್ತದೆ, ಅಲ್ವಾ? ಬ್ಯಾಕಪ್, ಅಂದರೆ ಆಗಾಗ ತೆಗೆದಿಟ್ಟ ಹಳೆಯ ಪ್ರತಿ, ಬೇರೆಯೇ ಬೇಕು. ದಯವಿಟ್ಟು ನಿಮ್ಮ ಪತ್ರಿಕೆಯಲ್ಲಿ ಇದನ್ನು ಬಿಡಿಸಿ ಬರೆಯಿರಿ.

– ಒಬ್ಬ ಸಿಸ್ಟಂ ಅಡ್ಮಿನ್