ಲಡಾಖ್‌ಗೆ ಹೊರಟಿರುವ ಮಗಳಿಗೆ

ಪುಟ್ಟಿ,

ಭಾನುವಾರ ಫೋನಿನಲ್ಲಿ ನಾನು ಆಡಿದ್ದು ನಿನಗೆ ನೆನಪಿದೆ, ನನಗೂ ನೆನಪಿದೆ. ಅದನ್ನು ಮತ್ತೆ ಕೆದಕುವುದಿಲ್ಲ. ನಾಡಿದ್ದು ನೀನು ಹಿಮ ಚಿರತೆ ನೋಡೋಕೆ ಹೊರಡುತ್ತೀಯ. ತಮ್ಮ ನಾಳೆ ಬೆಂಗಳೂರಿಗೆ ಬರುತ್ತಿದ್ದಾನೆ, ಅವನ ಕೈಲಿ ಇದನ್ನು ಕೊಟ್ಟು ಕಳಿಸುತ್ತಿದ್ದೇನೆ.

ಆಮೇಲೆ ಎರಡು ರಾತ್ರಿ ಕೂತು ಓದಿದೆ. ಈ ಚಳೀಲೇ ಯಾಕೆ ಹೋಗಬೇಕು ಅಂತ ಕೂಗಾಡಿದ್ದೆನಲ್ಲ, ಅದಕ್ಕೆ ಉತ್ತರ ಸಿಕ್ಕಿತು. ಮೇಲೆ ಹಿಮ ಬಿದ್ದಾಗ ಭರಲ್ ಅನ್ನೋ ಕಾಡುಕುರಿಗಳು ಮೇವಿಗೆ ಕೆಳಗಿಳಿಯುತ್ತವೆ, ಅವುಗಳ ಹಿಂದೆಯೇ ಹಿಮ ಚಿರತೆಯೂ ಇಳಿಯುತ್ತದೆ. ಅದು ಜೊತೆ ಹುಡುಕುವ ಕಾಲವೂ ಇದೇ. ನೀನು ಹೋಗುವ ಹೆಮಿಸ್ ರಾಷ್ಟ್ರೀಯ ಉದ್ಯಾನ 4,400 ಚದರ ಕಿಲೋಮೀಟರ್ ಅಂತೆ, ನಮ್ಮ ಬಂಡೀಪುರದ ಐದರಷ್ಟು. ಇಡೀ ದೇಶದಲ್ಲಿ ಇರುವುದೇ 718 ಹಿಮ ಚಿರತೆ, ಅದರಲ್ಲಿ 477 ಲಡಾಖ್‌ನಲ್ಲಿ. 2024ರಲ್ಲಿ ಬಂದ ಲೆಕ್ಕ ಇದು. ನೀನು ಯಾಕೆ ಅಷ್ಟು ಹಟ ಹಿಡಿದೆ ಅಂತ ಈಗ ಅರ್ಥವಾಗುತ್ತದೆ.

ಆದರೆ ನನ್ನ ಭಯ ಚಳಿಯದಲ್ಲ, ಚಿರತೆಯದೂ ಅಲ್ಲ. ಕೊಡಚಾದ್ರಿಯದು.

ನಿನಗೆ ಆಗ ಹನ್ನೊಂದು. ಹಿಡ್ಲುಮನೆ ಅಬ್ಬಿ ದಾಟಿದ ಮೇಲೆ ನೀನು ಹಿಂದೆ ಬೀಳತೊಡಗಿದೆ. ನಾನು ಮೂರು ಸಲ ತಿರುಗಿ ಕೂಗಿದೆ. ನಾಲ್ಕನೇ ಸಲ, 'ಇಷ್ಟಕ್ಕೇ ಸುಸ್ತಾದರೆ ಇನ್ನು ಮೇಲೆ ನಿನ್ನನ್ನ ಎಲ್ಲೂ ಕರ್ಕೊಂಡು ಬರಲ್ಲ' ಅಂದೆ. ನೀನು ಏನೂ ಹೇಳದೆ ಬಿರಬಿರನೆ ನಡೆದು ನನ್ನನ್ನೇ ದಾಟಿ ಹೋದೆ. ಸರ್ವಜ್ಞ ಪೀಠದ ಕಲ್ಲುಮಂಟಪದ ಹತ್ತಿರ ಕೂತವಳು ವಾಂತಿ ಮಾಡಿದೆ. ಹಣೆ ಮುಟ್ಟಿದರೆ ಕೆಂಡ. ಬೆಳಿಗ್ಗೆಯಿಂದಲೇ ಜ್ವರ ಇತ್ತಂತೆ. ಯಾಕೆ ಹೇಳಲಿಲ್ಲ ಅಂತ ಕೇಳಿದ್ದಕ್ಕೆ, 'ನೀನು ಬೈತೀಯ ಅಂತ' ಅಂದೆ.

ನೀನು ಮರೆತಿರಬಹುದು. ನಾನು ಮರೆತಿಲ್ಲ. ನೀರಿನ ಬಾಟಲಿ ಹಿಡಿದ ನಿನ್ನ ಕೈ ನಡುಗುತ್ತಿತ್ತು, ಮುಚ್ಚಳ ತಿರುಗಿಸೋಕೂ ಆಗುತ್ತಿರಲಿಲ್ಲ. ಹೊತ್ತುಕೊಳ್ಳುತ್ತೇನೆ ಅಂದರೆ ಬೇಡ ಅಂದೆ. ಜೀಪು ನಿಲ್ಲುವ ಜಾಗದವರೆಗೂ ನನ್ನ ಮುಂದೆ ನಡೆದೆ. ನಾನು ಹಿಂದೆ ಬರುತ್ತಾ ನಿನ್ನ ಜಡೆಯನ್ನೇ ನೋಡುತ್ತಿದ್ದೆ. ಅವತ್ತು ಸಾರಿ ಅಂತ ಒಂದು ಮಾತು ಬಾಯಿಂದ ಬರಲಿಲ್ಲ. ನೋವಾದರೂ ನುಂಗಿಕೊಳ್ಳೋದನ್ನು ನಿನಗೆ ಕಲಿಸಿದವನು ನಾನೇ. ತಪ್ಪಾಯ್ತು ಮಗಳೇ. ಇಷ್ಟು ವರ್ಷವಾದ ಮೇಲೆ ಹೇಳುತ್ತಿದ್ದೇನೆ.

ಕೊಡಚಾದ್ರಿ 1,343 ಮೀಟರ್. ಲೇಹ್ ಊರೇ 3,500. ಒಂದು ಉಸಿರಿಗೆ ಇಲ್ಲಿ ಸಿಗುವ ಆಮ್ಲಜನಕದಲ್ಲಿ ಅಲ್ಲಿ ಹೆಚ್ಚುಕಡಿಮೆ ಮೂರನೇ ಎರಡು ಪಾಲು ಮಾತ್ರ. ವಿಮಾನ ನಿನ್ನನ್ನು ಒಂದೇ ಬೆಳಿಗ್ಗೆ ಅಷ್ಟು ಎತ್ತರಕ್ಕೆ ಎತ್ತಿ ಇಡುತ್ತದೆ, ಮೈಗೆ ಗೊತ್ತೇ ಆಗಿರುವುದಿಲ್ಲ. ಮೊದಲ ಎರಡು ದಿನ ಸುಮ್ನೆ ಮಲಗು, ನೀರು ಕುಡಿ, ಪೇಟೆ ಸುತ್ತಬೇಡ. ದಿನಾ ಓಡುತ್ತೇನೆ ಅಂತೀಯ, ಒಳ್ಳೆಯದೇ. ಆದರೆ ಗಟ್ಟಿಮುಟ್ಟಾದವರಿಗೂ ಈ ಎತ್ತರದ ಕಾಯಿಲೆ ಬರುತ್ತದೆ. ತಲೆನೋವು, ವಾಕರಿಕೆ ಬಂದರೆ ಮೇಲೆ ಹೋಗಬಾರದು. ನಡೆಯುವಾಗ ತೂರಾಡಿದರೆ, ಕೂತಲ್ಲೂ ಉಸಿರು ಕಟ್ಟಿದರೆ ತಕ್ಷಣ ಕೆಳಗಿಳಿಯಬೇಕು. ಮಾತ್ರೆ ನುಂಗಿ ಮೇಲೆ ಹತ್ತೋದಲ್ಲ. ನೀನು ಹೋಗುವ ರುಂಬಕ್ ಊರು ಲೇಹ್‌ಗಿಂತಲೂ ಎತ್ತರದಲ್ಲಿದೆ, ಅದಕ್ಕೇ ಇಷ್ಟು ಹೇಳುತ್ತಿರೋದು. ಭಾಷಣ ಆಯ್ತು ಅಲ್ವಾ? ಆಗಲಿ, ಓದು.

ಗೈಡ್ ಹೇಳಿದ್ದು ಕೇಳು. ಬಂಡೆಯ ಮೇಲೆ ಸಿಡಿಸಿದ ಉಚ್ಚೆಯ ವಾಸನೆ ಹಿಡಿದು, ಕಾಲಿಂದ ಕೆದರಿದ ಮಣ್ಣು ನೋಡಿ ಚಿರತೆ ಓಡಾಡಿದ ಜಾಗ ಹೇಳುವವರು ಅವರು. ಸ್ಕೋಪ್ ಅನ್ನೋ ದುರ್ಬೀನಿನಲ್ಲಿ ಬೆಟ್ಟವನ್ನು ಗೇಣುಗೇಣಾಗಿ ನೋಡುತ್ತಾ ಗಂಟೆಗಟ್ಟಲೆ ಕೂರುತ್ತಾರೆ. ನಿನಗೆ ತಲೆ ಸಿಡಿಯುತ್ತಿದ್ದರೆ ಮೊದಲು ಹೇಳಬೇಕಾದ್ದು ಅವರಿಗೇ. ನಾಲ್ಕು ಜನಕ್ಕೆ ಟ್ರಿಪ್ ಹಾಳಾಗುತ್ತದೆ ಅಂತ ಬಾಯಿ ಮುಚ್ಚಿಕೊಂಡಿರಬೇಡ. ನಿನ್ನ ಗುಣ ನನಗೆ ಗೊತ್ತು.

ಉಳಿದುಕೊಳ್ಳುವ ಮನೆಯವರ ಹತ್ತಿರ ಕುರಿದೊಡ್ಡಿ ತೋರಿಸಿ ಅಂತ ಕೇಳು. ಮೇಲೆ ಬಲೆ ಹೊದಿಸಿದ್ದಾರಾ ನೋಡು. ಹಿಮ ಚಿರತೆ ಒಳಗೆ ಹಾರಿತೆಂದರೆ ಒಂದೇ ರಾತ್ರಿಗೆ ಹತ್ತಾರು ಕುರಿ ಹೋಗುತ್ತವಂತೆ. ನಮ್ಮ ಕೊಟ್ಟಿಗೆಯಿಂದ ಚಿರತೆ ಕರು ಎಳೆದುಕೊಂಡು ಹೋದ ರಾತ್ರಿ ನಿನ್ನ ಅಜ್ಜಿ ಊಟ ಮಾಡಿರಲಿಲ್ಲ. ಅಷ್ಟು ನಷ್ಟ ತಿಂದೂ ಹಿಮ ಚಿರತೆಯನ್ನು ಉಳಿಸಿಕೊಂಡು ಬಂದವರು ಆ ಊರಿನವರು. ನೀನು ಕೊಡುವ ದುಡ್ಡು ಆ ಮನೆಗಳಿಗೆ ಹೋಗುತ್ತದೆ. ನಾನು ದಂಡ ಅಂದಿದ್ದು ತಪ್ಪು.

ನಿನ್ನ ಸಂಬಳದಲ್ಲಿ ಉಳಿಸಿ ಹೋಗುತ್ತಿದ್ದೀಯ. ನಮ್ಮ ಮನೆಯಲ್ಲಿ ಯಾರೂ ಅಷ್ಟು ಎತ್ತರ ಹತ್ತಿಲ್ಲ. ನಿನ್ನೆ ಡೈರಿಯಲ್ಲಿ ಹಾಲು ಹಾಕುವಾಗ ಎಲ್ಲರಿಗೂ ಹೇಳಿಬಿಟ್ಟೆ.

ಅಮ್ಮ ಉಣ್ಣೆ ಟೋಪಿ, ಚಕ್ಕುಲಿ, ಒಣಶುಂಠಿ ಕಟ್ಟಿದ್ದಾಳೆ. ಮೊಬೈಲನ್ನು ರಾತ್ರಿ ರಗ್ಗಿನೊಳಗೇ ಇಟ್ಟುಕೋ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದಂತೆ.

ಲೇಹ್‌ನಲ್ಲಿ ಇಳಿದ ತಕ್ಷಣ ಫೋನ್ ಮಾಡು. 'ಆರಾಮಿದ್ದೀನಿ' ಅಂತ ಸುಮ್ನೆ ಹೇಳಬೇಡ. ತಲೆ ನೋಯುತ್ತಿದ್ದರೆ ನೋಯುತ್ತಿದೆ ಅನ್ನು. ನಾನು ಬೈಯಲ್ಲ.

ನಿನ್ನ
ಅಪ್ಪ